ನಮ್ಮ ಗೋಡೆಗೂ ಬಂತು ಕಡಲು

'ನಕಲು' ಅಂದರೆ ಪರೀಕ್ಷೆಗೆ ಓದುವ ನಮ್ಮಂಥವರಿಗೆ ನೆನಪಾಗುವುದು ಚೀಟಿ ಮತ್ತು ಡಿಬಾರ್. ನನ್ನ ಕೈಖರ್ಚು ನಡೆಯುತ್ತಿರುವುದು ಮಾತ್ರ ನಕಲಿನಿಂದಲೇ. ಬಿ.ಎ. ಮುಗಿಸಿ ನೇಮಕಾತಿ ಅಧಿಸೂಚನೆಗೆ ಕಾಯುತ್ತಾ, ದಿನವೂ ಮಸ್ಕಿಯಿಂದ ಬಸ್ಸು ಹತ್ತಿ ಸಿಂಧನೂರಿನ ಡಿಜಿಟಲ್ ಪ್ರಿಂಟಿಂಗ್ ಅಂಗಡಿಗೆ ಹೋಗುತ್ತೇನೆ. ಮದುವೆ ಫ್ಲೆಕ್ಸ್, ಹುಟ್ಟುಹಬ್ಬದ ಬ್ಯಾನರ್ ನಿತ್ಯದ ಕೆಲಸ. 'ಡಿಗ್ರಿ ಮುಗಿಸಿ ಪ್ರಿಂಟ್ ಹೊಡಿಯಾಕ ಕುಂತಿಯೇನೋ?' ಎಂದು ಕೇಳುವವರಿಗೆ ಬರವಿಲ್ಲ.

ಈಚೆಗೆ ಲಿಂಗಸುಗೂರಿನ ಗೆಳೆಯರು ತಮ್ಮ ಓದುವ ಕೋಣೆಯ ಗೋಡೆಗೆ ಕಡಲಿನ ಚಿತ್ರ ಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಜಪಾನಿನ ಹೊಕುಸಾಯ್ ರಚಿಸಿದ 'ಕನಗಾವಾದ ಮಹಾ ಅಲೆ' ಅದು. ಫೈಲು ಹಿಗ್ಗಿಸಿದರೆ ಬರೀ ಮಸುಕು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಎ4 ಹಾಳೆಗೇ 3508×2480 ಪಿಕ್ಸೆಲ್ ಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ತನ್ನಲ್ಲಿರುವ ಹಕ್ಕುಸ್ವಾಮ್ಯ ಮುಗಿದ ಕಲಾಕೃತಿಗಳ ಚಿತ್ರಗಳನ್ನು 2017ರಿಂದ ಎಲ್ಲರ ಬಳಕೆಗೂ ಉಚಿತವಾಗಿ ಬಿಟ್ಟಿದೆ. ಅಲ್ಲಿ ಈ ಅಲೆಯೂ ಇದೆ.

ಚಿತ್ರದ ಬಗ್ಗೆ ಓದಿದಾಗ ಬೆರಗಾಯಿತು. ಇದಕ್ಕೆ ಒಂದೇ ಒಂದು 'ಮೂಲ ಪ್ರತಿ' ಎಂಬುದೇ ಇಲ್ಲ! 1831ರ ಸುಮಾರಿಗೆ ಮರದ ಹಲಗೆಯಲ್ಲಿ ಕೊರೆದು, ಸಾಮಾನ್ಯರೂ ಕೊಳ್ಳುವ ಬೆಲೆಗೆ ಸಾವಿರಾರು ಪ್ರತಿ ಅಚ್ಚು ಹಾಕಿದ್ದರು. ಚಿತ್ರದ ಮೇಲೆ ಹೊಕುಸಾಯ್ ಸಹಿ ಇದೆ. ಹಲಗೆ ಕೊರೆದವರ, ಅಚ್ಚು ಹಾಕಿದವರ ಹೆಸರಿಲ್ಲ. ಆದರೂ ಅವರ ಕೈಕೆಲಸ ಇಂದು ಮ್ಯೂಸಿಯಂಗಳಲ್ಲಿದೆ. 2024ರಿಂದ ಜಪಾನಿನ ಸಾವಿರ ಯೆನ್ ನೋಟಿನ ಹಿಂಬದಿಯಲ್ಲೂ ಇದೇ ಅಲೆ.

ನಮ್ಮ ಮಸ್ಕಿಯ ಅಶೋಕ ಶಾಸನವೂ ಹಾಗೆಯೇ. ಒಂದೇ ಒಕ್ಕಣೆಯನ್ನು ಹಲವು ಕಡೆ ಬಂಡೆಗಳ ಮೇಲೆ ಕೊರೆಸಿದ್ದರು. 1915ರಲ್ಲಿ ಪತ್ತೆಯಾದ ನಮ್ಮೂರಿನ ಪ್ರತಿಯಲ್ಲೇ 'ದೇವಾನಾಂಪ್ರಿಯ'ನ ಜೊತೆಗೆ 'ಅಶೋಕ' ಎಂಬ ಹೆಸರು ಮೊದಲು ಸಿಕ್ಕಿದ್ದು. ಪ್ರತಿ ಮಾಡುವ ಕೆಲಸ ಸಣ್ಣದೆಂದು ಹೇಗೆ ಹೇಳಲಿ?

ಹೋಗಿ ಮ್ಯೂಸಿಯಂ ನೋಡಲು ನಮ್ಮ ಬಳಿ ದುಡ್ಡಿಲ್ಲದಿರಬಹುದು, ಒಳ್ಳೆಯ ಚಿತ್ರಕ್ಕೆ ಗೋಡೆಯಂತೂ ಇದೆ. ನೀವೂ ಪ್ರಿಂಟ್ ಹಾಕಿಸುವುದಾದರೆ ಫಾರ್ವರ್ಡ್ ಆಗಿ ಬಂದ ಫೈಲು ಬೇಡ, ಮ್ಯೂಸಿಯಂ ಜಾಲತಾಣದಿಂದ ಇಳಿಸಿದ್ದನ್ನು ಪೆನ್‌ಡ್ರೈವ್‌ನಲ್ಲಿ ತನ್ನಿ. ಪರದೆಯ ನೀಲಿ ಬೆಳಕಿನದು, ಕಾಗದದ ನೀಲಿ ಶಾಯಿಯದು. ಎರಡೂ ಒಂದೇ ಆಗಿ ಕಾಣುವುದಿಲ್ಲ. ಮೊದಲು ಅಂಗೈಯಗಲದ ತುಂಡು ಹೊಡೆಸಿ, ಅಂಗಡಿಯ ಹೊರಗೆ ಹಗಲ ಬೆಳಕಿನಲ್ಲಿ ನೋಡಿ. ಸರಿ ಎನಿಸಿದ ಮೇಲೆಯೇ ಪೂರ್ತಿ ಹಾಳೆಗೆ ಒಪ್ಪಿಗೆ ಕೊಡಿ.