ರೊಟ್ಟಿ ಬಡಿಯುವವಳಿಗೂ ಒಂದು ಪ್ರೇಮಕಥೆ

ಗದುಗಿನ ನಾರಣಪ್ಪ ತನ್ನ ವಿರಾಟಪರ್ವದಲ್ಲಿ ದ್ರೌಪದಿಯನ್ನು ನಡುರಾತ್ರಿ ಕಳಿಸುವುದು ಅಡುಗೆಮನೆಗೆ. ಕೀಚಕ ತುಂಬಿದ ಸಭೆಯಲ್ಲಿ ಅವಮಾನ ಮಾಡಿದ್ದಾನೆ, ಧರ್ಮರಾಯ ತಾಳು ಎಂದಿದ್ದಾನೆ. ಆಕೆ ಹುಡುಕಿಕೊಂಡು ಹೋಗುವುದು ವಿರಾಟನ ಬಾಣಸಿಗ ವಲಲನನ್ನು, ಅಂದರೆ ವೇಷ ಮರೆಸಿಕೊಂಡ ಭೀಮನನ್ನು. ದುಡಿದು ಮಲಗಿದವನನ್ನು ಎಬ್ಬಿಸುತ್ತಾಳೆ. ಆತ ಮೊದಲು ಸಿಡುಕುತ್ತಾನೆ, ಅಣ್ಣನ ಮೇಲಿನ ಹಳೆಯ ಸಿಟ್ಟನ್ನೆಲ್ಲ ಕಾರುತ್ತಾನೆ, ಕಡೆಗೆ ಅವಳ ಕಣ್ಣೀರಿಗೆ ಕರಗುತ್ತಾನೆ. ಮಳೆಗಾಗಿ ವಿರಾಟಪರ್ವ ಓದಿಸುವ ಊರುಗಳಲ್ಲಿ ಜನ ನೆನಪಿಟ್ಟುಕೊಳ್ಳುವುದು ಕೀಚಕನ ವಧೆಯನ್ನು. ನನಗೆ ಉಳಿದಿರುವುದು ಅದರ ಹಿಂದಿನ ಈ ಮಾತುಕತೆ. ಇಬ್ಬರೂ ಪರರ ಮನೆಯಲ್ಲಿ ಚಾಕರಿಗಿದ್ದಾರೆ. ಗಂಡಹೆಂಡಿರು ಮಾತಾಡಬೇಕೆಂದರೆ ಒಡೆಯರು ಉಂಡು ಮಲಗಬೇಕು.

ಪಕ್ಕದ ಹಾವೇರಿ ಜಿಲ್ಲೆಯ ಬಾಡದ ಕನಕದಾಸರು ನಳಚರಿತ್ರೆ ಬರೆದರು. ಅಲ್ಲಿಯೂ ನಾಯಕ ಕೆಲಸದವನೇ. ರೂಪ ಕಳೆದುಕೊಂಡ ನಳ, ಬಾಹುಕ ಎಂಬ ಹೆಸರಿನಲ್ಲಿ ಋತುಪರ್ಣನಲ್ಲಿ ಸೇವೆಗಿರುತ್ತಾನೆ. ದಮಯಂತಿಗೆ ಗಂಡನ ಗುರುತು ಹತ್ತಿಸಿದ್ದರಲ್ಲಿ ಅವನ ಕೈರುಚಿಯೂ ಒಂದು ಎನ್ನುತ್ತದೆ ಮಹಾಭಾರತದ ಕಥೆ. ಗದಗ, ಹಾವೇರಿ ಎರಡೂ 1997ರವರೆಗೆ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. ಅಡುಗೆಯ ಕಸುಬನ್ನೂ ಪ್ರೀತಿಯನ್ನೂ ಒಂದೇ ಒಲೆಯ ಮೇಲಿಟ್ಟ ಎರಡು ಕಾವ್ಯಗಳು ಒಂದೇ ಸೀಮೆಯವು. ಎರಡರಲ್ಲೂ ಸೌಟು ಗಂಡಸಿನ ಕೈಯಲ್ಲಿದೆ, ಅದನ್ನೂ ಗಮನಿಸಬೇಕು.

ಇವೆರಡನ್ನೂ ಮತ್ತೆ ನೆನೆಯುವಂತೆ ಮಾಡಿದ್ದು ಜಪಾನಿನ ಮಂಗಾ, ಅಂದರೆ ಬಲದಿಂದ ಎಡಕ್ಕೆ ಓದುವ ಅಲ್ಲಿಯ ಚಿತ್ರಕಥೆಗಳು. ಅವುಗಳಲ್ಲಿ ವಯಸ್ಕ ಹೆಂಗಸರಿಗೆಂದೇ ಒಂದು ಬಗೆಯಿದೆ, ಜೋಸೆಯಿ ಎಂದು ಹೆಸರು. ಹುಡುಗಿಯರ ಮಂಗಾ ಓದಿ ಬೆಳೆದವರು ನೌಕರಿಗೆ ಸೇರಿದ ಮೇಲೂ ಓದು ಬಿಡಲಿಲ್ಲ. 1980ರ ದಶಕದಲ್ಲಿ ಅವರಿಗಾಗಿ ಬೇರೆ ಪತ್ರಿಕೆಗಳೇ ಹುಟ್ಟಿದವು. ರಾಜಕುಮಾರ ಬರುವ ಕಥೆ ಅವರಿಗೆ ಸಾಕಾಗಿತ್ತು. ಬಾಡಿಗೆ, ಪಾಳಿ, ಮಾಲೀಕನ ಕಿರಿಕಿರಿ ಇವುಗಳ ನಡುವೆ ಪ್ರೀತಿ ಎಲ್ಲಿ ಹಿಡಿಸೀತು ಎಂಬುದು ಬೇಕಾಗಿತ್ತು.

ಮಿಜುಶಿರೊ ಸೆತೊನಾ ಎಂಬ ಲೇಖಕಿಯ 'ಶಿತ್ಸುರೆನ್ ಶೊಕೊರಾತಿಯೆ' 2008ರಲ್ಲಿ ಶುರುವಾದ ಮಂಗಾ. ಅದರ ಹುಡುಗ ಸೋತಾ. ಅವನು ಮೆಚ್ಚಿದವಳಿಗೆ ಚಾಕೊಲೇಟ್ ಅಂದರೆ ಪ್ರಾಣ. ಅವಳು ಕೈಬಿಟ್ಟಾಗ ಇವನು ಪ್ಯಾರಿಸ್ಸಿಗೆ ಹೋಗಿ ಕಸುಬು ಕಲಿತು ಬಂದು ಅಂಗಡಿ ಹಾಕುತ್ತಾನೆ. ಅವಳು ಅಂಗಡಿಗೆ ಬರುತ್ತಾಳೆ, ಆದರೆ ಮತ್ತೊಬ್ಬನನ್ನು ಮದುವೆಯಾಗುತ್ತಾಳೆ. ಜಪಾನಿನಲ್ಲಿ ಫೆಬ್ರವರಿ 14ರಂದು ಹೆಂಗಸರು ಗಂಡಸರಿಗೆ ಚಾಕೊಲೇಟ್ ಕೊಡುವ ರೂಢಿ. ಮಾರ್ಚ್ 14ಕ್ಕೆ ಗಂಡಸರ ಮರುಮುಯ್ಯಿ. ಊರೆಲ್ಲ ಪ್ರೀತಿ ಹೇಳಿಕೊಳ್ಳುವ ದಿನ ಇವನಿಗೆ ಸುಗ್ಗಿ, ಅಳಲೂ ಪುರುಸೊತ್ತಿಲ್ಲ. ಕಥೆಯ ಖಾರ ಇರುವುದು ಇಲ್ಲಿ. ಯೊಶಿನಾಗಾ ಫುಮಿ ಎಂಬ ಇನ್ನೊಬ್ಬ ಲೇಖಕಿ ಕೇಕ್ ಅಂಗಡಿಯೊಂದನ್ನು ಇಟ್ಟುಕೊಂಡು ಇಡೀ ಮಂಗಾ ಬರೆದರು. ಅವರದೇ ಮತ್ತೊಂದರಲ್ಲಿ ಟೋಕಿಯೊದ ವಕೀಲನೊಬ್ಬ ತಿಂಗಳಿಗೆ 25,000 ಯೆನ್‌ನಲ್ಲಿ ಇಬ್ಬರ ಊಟ ಮುಗಿಸಲು ಹೆಣಗುತ್ತ, ಜೊತೆಗಾರನಿಗೆ ದಿನಾ ಅಡುಗೆ ಮಾಡಿ ಬಡಿಸುತ್ತಾನೆ. ಈರುಳ್ಳಿಯ ರೇಟೂ ಒಲವಿನ ಭಾಷೆಯಾಗಬಲ್ಲದು ಎಂದು ತೋರಿಸಿಕೊಟ್ಟವರು ಅವರು.

ನಮ್ಮಲ್ಲಿ? ಹೆಂಗಸರು ಹೆಂಗಸರಿಗಾಗಿ ಬರೆದ ಕಾದಂಬರಿಗೆ ಕನ್ನಡದಲ್ಲಿ ಬರವಿಲ್ಲ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಉಷಾ ನವರತ್ನರಾಂ, ಸಾಯಿಸುತೆ ಇವರನ್ನು ವಾರಪತ್ರಿಕೆಯ ಧಾರಾವಾಹಿಗಳಲ್ಲಿ ಕಾದು ಓದಿದವರು ಗದಗ ಜಿಲ್ಲೆಯ ನಮ್ಮ ಮುಂಡರಗಿಯಲ್ಲೂ ಇದ್ದಾರೆ. ಧಾರವಾಡದ ವೀಣಾ ಶಾಂತೇಶ್ವರರಂತೂ ನೌಕರಿಯ ಹೆಂಗಸಿನ ಒಂಟಿತನವನ್ನು ಮುಲಾಜಿಲ್ಲದೆ ಬರೆದರು. ಆದರೂ ಈ ಸಾಹಿತ್ಯದ ನಾಯಕಿ ಡಾಕ್ಟರಾದಳು, ಲೆಕ್ಚರರಾದಳು. ಕೂಲಿಗೆ ಅಡುಗೆ ಮಾಡುವವಳು ಅಲ್ಲಿ ಬಂದದ್ದು ಹೆಚ್ಚಾಗಿ ಅನಾಥೆಯಾಗಿ, ವಿಧವೆಯಾಗಿ, ಕನಿಕರಕ್ಕೆ. ಸಿನಿಮಾದವರೂ ಅಷ್ಟೇ. ಪ್ರಕಾಶ್ ರೈ ಅವರ 'ಒಗ್ಗರಣೆ' (2014) ಊಟದ ಮೂಲಕ ಕೂಡಿಬರುವ ಪ್ರೀತಿಯ ಕಥೆ, ಅದೂ ಮಲಯಾಳದಿಂದ ಬಂದದ್ದು. ಅದರ ನಾಯಕಿ ಡಬ್ಬಿಂಗ್ ಕಲಾವಿದೆ.

ಕಸುಬಿನ ಅಡುಗೆಯವರು ಬೇಕೆಂದರೆ ಮುಂಡರಗಿಯಲ್ಲಿ ದೂರ ಹೋಗಬೇಕಿಲ್ಲ. ಖಾನಾವಳಿಯ ಹಿಂಬಾಗಿಲಿಗೆ ಹೋದರೆ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ; ಕುದಿಯುವ ಎಸರು ಹೊಯ್ದರೆ ಮಾತ್ರ ಅದು ಒಂದಕ್ಕೊಂದು ಹಿಡಿಯುತ್ತದೆ. ಬೀಸಿ ಬಹಳ ದಿನವಾಗಿದ್ದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಆಕೆ ಸುಡುವ ಹಿಟ್ಟನ್ನು ಅಂಗೈಯಿಂದ ಮಿದ್ದಿ, ಉಂಡೆ ಮಾಡಿ, ಎರಡೂ ಕೈಯಲ್ಲಿ ತಿರುಗಿಸುತ್ತ ಬಡಿಯುತ್ತಾಳೆ. ಹಂಚಿಗೆ ಹಾಕಿ, ಮೇಲೆ ನೀರಿನ ಅರಿವೆ ಸವರಿ, ನೀರು ಆರುವ ಮೊದಲೇ ಮಗುಚಬೇಕು. ತಡವಾದರೆ ಬಿರುಕು. ಮೆತ್ತನ ರೊಟ್ಟಿ ಆವತ್ತೇ ಖರ್ಚಾಗಬೇಕು. ಒಲೆಯ ಬದಿಗೆ ಆನಿಸಿ ಒಣಗಿಸಿದ ಕಡಕ್ ರೊಟ್ಟಿ ಪೇಟೆಗೆ ಹೋಗುತ್ತದೆ. ಡಂಬಳದ ತೋಂಟದಾರ್ಯ ಮಠದಲ್ಲಿ ರೊಟ್ಟಿ ಜಾತ್ರೆಯೇ ನಡೆಯುತ್ತದೆ. ರೊಟ್ಟಿ, ಕರಿಂಡಿಯನ್ನು ಜಾತಿಭೇದವಿಲ್ಲದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಮದುವೆ ಸುಗ್ಗಿಯಲ್ಲಿ ಆರ್ಡರು ಹಿಡಿದ ಹೆಂಗಸರಿಗೆ ಸೋತಾನ ಫೆಬ್ರವರಿಯ ಪಾಡೇ: ಮಂದಿಯ ಮದುವೆಗೆ ಇವರ ಕೈ ಸುಡಬೇಕು.

ಇಲ್ಲಿ ಒಂದು ಕಥೆ ಹೀಗೆ ಶುರುವಾಗಬಹುದು. ಮೂವತ್ತರ ಹತ್ತಿರದ ಒಬ್ಬಾಕೆ, ಮನೆಯಲ್ಲೇ ರೊಟ್ಟಿ ಮಾಡಿಸಿ ಗದಗಕ್ಕೆ ಕಳಿಸುತ್ತಾಳೆ. ಬೆಳಿಗ್ಗೆ ಟಾಟಾ ಏಸ್ ತಂದು ಡಬ್ಬಿ ಒಯ್ಯುವವನೊಬ್ಬ.

"ಇವತ್ತ ರೊಟ್ಟಿ ದಪ್ಪ ಕಾಣಾಕತ್ತಾವಲ್ರೀ ಅಕ್ಕಾರ?"

"ಹಿಟ್ಟಿಗೆ ಜಿಗಿ ಇಲ್ರಿ. ಹಳೇ ಜೋಳ ಹಾಕ್ಯಾನ ಅಂಗಡ್ಯಾಂವ."

ನಾಲ್ಕು ದಿನ ಬಿಟ್ಟು ಅವನು ಕಪ್ಪತ್ತಗುಡ್ಡದ ಸೆರಗಿನ ಹಳ್ಳಿಯಿಂದ ಹೊಸ ಬಿಳಿಜೋಳದ ಚೀಲ ತಂದು ಇಳಿಸುತ್ತಾನೆ. ಆಕೆ ಕೇಳುವ ಮೊದಲ ಪ್ರಶ್ನೆ, "ಚೀಲಕ್ಕ ಎಷ್ಟು ಬಿತ್ರಿ?" ಅವನು ಕಡಿಮೆ ಹೇಳುತ್ತಾನೆ. ಅವಳಿಗೆ ಪೇಟೆಯ ಧಾರಣೆ ಗೊತ್ತು, ಅವನು ಸುಳ್ಳು ಹೇಳಿದ್ದೂ ಗೊತ್ತು. ಆ ಕ್ಷಣದಿಂದ 'ಅಕ್ಕಾರ' ಎಂಬ ಮಾತು ಅವನ ಬಾಯಲ್ಲಿ ತಡವರಿಸುತ್ತದೆ. ಮುಂದೆ ಜಾತಿ ಅಡ್ಡ ಬರಬಹುದು, ಸಾಲ ಅಡ್ಡ ಬರಬಹುದು, ಅವಳ ಮೊದಲ ಮದುವೆಯ ಮಗ ಅಡ್ಡ ಬರಬಹುದು. ಕೂಡಿಬರಲೇಬೇಕೆಂಬ ಹಟವೂ ಬೇಡ.

ಇಂಥ ಕಥೆಗೆ ಚಿತ್ರವೂ ಒಪ್ಪುತ್ತದೆ. ಬಡಿಯುವ ಕೈಯನ್ನು ಮಾತಿಗಿಂತ ಗೆರೆ ಚೆನ್ನಾಗಿ ಹಿಡಿಯುತ್ತದೆ. ಕನ್ನಡದಲ್ಲಿ ಚಿತ್ರಕಥೆ ಎಂದರೆ ಮಕ್ಕಳದು ಎಂಬ ಭಾವನೆ ಇನ್ನೂ ಹೋಗಿಲ್ಲ, ಹೋಗಲಿ. ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗೆ ಕಥೆ ಬರೆಯುವವರು, ಮೊಬೈಲಿನಲ್ಲೇ ಚಿತ್ರ ಬರೆಯುವ ಕಾಲೇಜು ಹುಡುಗಿಯರು ಒಮ್ಮೆ ಖಾನಾವಳಿಯ ಹಿಂಬಾಗಿಲಿಗೆ ಹೋಗಿ ಬನ್ನಿ. ನೂರು ರೊಟ್ಟಿಗೆ ಅವಳಿಗೆಷ್ಟು ಸಿಗುತ್ತದೆ ಎಂದು ಮೊದಲು ಕೇಳಿ, ಆಮೇಲೆ ಅವಳ ಪ್ರೀತಿಯ ಬಗ್ಗೆ ಬರೆಯಿರಿ.