ನೀಲಿ ಇನ್ಹೇಲರ್ ವರ್ಷಕ್ಕೆ ಎಷ್ಟು ಖಾಲಿ ಮಾಡ್ತೀರಾ?

ಇವತ್ತಿನ ವಿಷಯ ಉಸಿರು. ನಿಮಗೆ ಅಥವಾ ನಿಮ್ಮ ಮನೇಲಿ ಯಾರಿಗಾದ್ರೂ ಅಸ್ತಮಾ ಅಥವಾ ಸಿಒಪಿಡಿ ಇದ್ರೆ ದಯವಿಟ್ಟು ಪೂರ್ತಿ ಕೇಳಿ. ನಾನು ಓದಿದ್ದು ಬಿಕಾಂ, ಡಾಕ್ಟರ್ ಅಲ್ಲ. ಔಷಧಿ ಶುರು ಮಾಡೋದು, ಬಿಡೋದು, ಬದಲಾಯಿಸೋದು ನಿಮ್ಮ ಡಾಕ್ಟರ್ ಹತ್ರ ಕೇಳಿಯೇ ಆಗಬೇಕು. ಆದರೆ ಲೆಕ್ಕ ನೋಡೋದು ನನಗೆ ಗೊತ್ತು. ಈ ಕಾಯಿಲೆಯಲ್ಲಿ ಒಂದು ಸಣ್ಣ ಲೆಕ್ಕ ಜೀವ ಉಳಿಸಬಹುದು.

ಮೊದಲು, ಎದೆಯೊಳಗೆ ಏನಾಗುತ್ತೆ ಅಂತ ನೋಡೋಣ. ಅಸ್ತಮಾ ಇರೋರ ಶ್ವಾಸನಾಳದ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುತ್ತೆ, ಆರಾಮಾಗಿದ್ದೀನಿ ಅನ್ನಿಸೋ ದಿನವೂ. ಅದರ ಮೇಲೆ ಒಂದು ನೆಗಡಿ, ಪಟಾಕಿ ಹೊಗೆ, ಧೂಳು, ಪರಾಗ ಅಥವಾ ತಣ್ಣನೆ ಗಾಳಿ ಬಿತ್ತು ಅಂದ್ಕೊಳ್ಳಿ. ಊತ ಹೆಚ್ಚುತ್ತೆ, ಸುತ್ತಲಿನ ಸ್ನಾಯು ಬಿಗಿಯಾಗುತ್ತೆ, ಕಫ ತುಂಬುತ್ತೆ. ಕಾಯಿಲೆ ಕೆರಳೋದು ಅಂದ್ರೆ ಇದೇ. ಇಂಗ್ಲಿಷ್‌ನಲ್ಲಿ ಫ್ಲೇರ್-ಅಪ್ ಅಂತಾರೆ.

ಆಗ ಉಸಿರು ಎಳೆದುಕೊಳ್ಳೋದಕ್ಕಿಂತ ಹೊರಗೆ ಬಿಡೋದೇ ಹೆಚ್ಚು ಕಷ್ಟ. ರಶ್ ಇರೋ ಬಸ್ ನೆನಪಿಸಿಕೊಳ್ಳಿ. ಒಳಗಿರೋರು ಇಳಿಯದೆ ಹೊಸಬರು ಹತ್ತೋಕೆ ಜಾಗ ಇರಲ್ಲ. ಹಳೇ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತೆ, ಹೊಸ ಗಾಳಿಗೆ ಜಾಗ ಸಿಗಲ್ಲ.

ಈಗ ನೀಲಿ ಇನ್ಹೇಲರ್ ವಿಷಯಕ್ಕೆ ಬರೋಣ. ಅದರಲ್ಲಿ ಸಾಮಾನ್ಯವಾಗಿ ಇರೋದು ಸಾಲ್ಬುಟಮಾಲ್. ಕೆಲವೇ ನಿಮಿಷದಲ್ಲಿ ಬಿಗಿದ ಸ್ನಾಯು ಸಡಿಲ ಮಾಡುತ್ತೆ, ನಾಲ್ಕರಿಂದ ಆರು ಗಂಟೆ ಆರಾಮ ಕೊಡುತ್ತೆ. ಆದರೆ ಒಳಗಿನ ಊತವನ್ನ ಅದು ಮುಟ್ಟೋದೇ ಇಲ್ಲ. ಊತ ಇಳಿಸೋದು ಬ್ಯುಡೆಸೊನೈಡ್ ಥರದ ಸ್ಟಿರಾಯ್ಡ್ ಇರೋ ಇನ್ಹೇಲರ್. ಅದರ ಪೂರ್ತಿ ಪರಿಣಾಮಕ್ಕೆ ದಿನಗಳು, ವಾರಗಳು ಬೇಕು. ಎಳೆದ ತಕ್ಷಣ ಏನೂ ಗೊತ್ತಾಗಲ್ಲ. ಅದಕ್ಕೇ ಜನ ಬಿಟ್ಟುಬಿಡ್ತಾರೆ, ನೀಲಿಯನ್ನೇ ನಂಬಿಕೊಳ್ತಾರೆ.

ನಮ್ಮ ದೊಡ್ಡಮ್ಮನ ಮಗ, ನನಗೆ ಅಣ್ಣ, ಹೀಗೇ ಇದ್ದ. "ಬೇಕಾದಾಗ ಒಂದೆರಡು ಪಫ್ ಅಷ್ಟೇ ಕಣೋ" ಅಂತಿದ್ದ. ಒಂದು ದೀಪಾವಳಿ ಆದ ಮೇಲೆ ಮೂರು ದಿನ ಆಸ್ಪತ್ರೆಯಲ್ಲಿದ್ದ. ಅಲ್ಲಿ ಕೂತು ಅವನ ಫೋನ್‌ನಲ್ಲಿ ಮೆಡಿಕಲ್ ಶಾಪ್‌ಗೆ ಕಟ್ಟಿದ ಯುಪಿಐ ಲೆಕ್ಕ ತೆಗೆದು ನೋಡಿದ್ವಿ. ಹನ್ನೆರಡು ತಿಂಗಳಲ್ಲಿ ಏಳು ನೀಲಿ ಇನ್ಹೇಲರ್. ಅದರಲ್ಲಿ ಮೂರು ಕೊನೆಯ ಎರಡು ತಿಂಗಳಲ್ಲೇ. ಅಟ್ಯಾಕ್ ಇದ್ದಕ್ಕಿದ್ದ ಹಾಗೆ ಬಂತು ಅಂತ ನಾವೆಲ್ಲ ಅಂದುಕೊಂಡಿದ್ವಿ. ಬಿಲ್ ಪ್ರಕಾರ ಅದು ವಾರಗಟ್ಟಲೆ ನೋಟಿಸ್ ಕೊಟ್ಟೇ ಬಂದಿತ್ತು.

ಆ ಲೆಕ್ಕ ಹೀಗಿದೆ. ಒಂದು ಕ್ಯಾನಿಸ್ಟರ್‌ನಲ್ಲಿ ಸಾಮಾನ್ಯವಾಗಿ 200 ಪಫ್. ಅಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ಕೊಡೋ ಗಿನಾ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಪ್ರಕಾರ, ವರ್ಷಕ್ಕೆ ಮೂರು ಅಥವಾ ಹೆಚ್ಚು ಕ್ಯಾನಿಸ್ಟರ್ ಬಳಸೋರಿಗೆ ಕಾಯಿಲೆ ಕೆರಳೋ ಅಪಾಯ ಜಾಸ್ತಿ. ಹನ್ನೆರಡು ಅಥವಾ ಹೆಚ್ಚಾದ್ರೆ ಸಾವಿನ ಅಪಾಯವೂ ಜಾಸ್ತಿ. ಮೂರು ಅಂದ್ರೆ 600 ಪಫ್. 365ರಿಂದ ಭಾಗಿಸಿ, ದಿನಕ್ಕೆ ಎರಡೂ ಬೀಳಲ್ಲ! "ಒಂದೆರಡು ಪಫ್ ಅಷ್ಟೇ" ಅನ್ನೋದು ಅಷ್ಟು ಬೇಗ ಗಡಿ ಮುಟ್ಟುತ್ತೆ. ದೊಡ್ಡವರಿಗೂ ಹದಿಹರೆಯದವರಿಗೂ ಬರೀ ನೀಲಿ ಇನ್ಹೇಲರ್ ಒಂದರಿಂದಲೇ ಚಿಕಿತ್ಸೆ ಬೇಡ ಅಂತ 2019ರಲ್ಲೇ ಗಿನಾ ಹೇಳಿದೆ. ಹಾಗಂತ ನೀಲಿಯನ್ನ ಎಸೆಯಬೇಡಿ, ಉಸಿರು ಕಟ್ಟಿದಾಗ ಅದು ಬೇಕೇ ಬೇಕು. ಅದು ಬೇಗ ಖಾಲಿಯಾಗ್ತಿದ್ರೆ ಹೊಸದು ತರೋದರ ಜೊತೆಗೆ ಡಾಕ್ಟರ್‌ನೂ ನೋಡಿ.

"ಸ್ಟಿರಾಯ್ಡಾ? ಬೇಡಪ್ಪ" ಅನ್ನೋರಿಗೆ ಒಂದು ಮಾತು. ಇನ್ಹೇಲರ್ ಡೋಸ್ ಮೈಕ್ರೋಗ್ರಾಂನಲ್ಲಿ, ಮಾತ್ರೆ ಡೋಸ್ ಮಿಲಿಗ್ರಾಂನಲ್ಲಿ. ಒಂದು ಮಿಲಿಗ್ರಾಂ ಅಂದ್ರೆ 1000 ಮೈಕ್ರೋಗ್ರಾಂ. ಎರಡೂ ಬೇರೆ ಬೇರೆ ಔಷಧಿ, ತೂಕಕ್ಕೆ ತೂಕ ಹೋಲಿಸೋಕಾಗಲ್ಲ, ನಿಜ. ಆದರೆ ಇನ್ಹೇಲರ್ ಔಷಧಿ ನೇರ ಶ್ವಾಸಕೋಶಕ್ಕೆ ಹೋಗೋದರಿಂದ ಕಮ್ಮಿ ಸಾಕು. ಇದನ್ನ ತಪ್ಪಿಸಿ ಪದೇ ಪದೇ ಅಟ್ಯಾಕ್ ಆದ್ರೆ ಮಾತ್ರೆ ನುಂಗಬೇಕಾಗುತ್ತೆ, ಆಗ ಮೈಗೆ ಸೇರೋ ಸ್ಟಿರಾಯ್ಡೇ ಹೆಚ್ಚು. ಇನ್ಹೇಲರ್ ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ.

ಇನ್ನು ಸಿಒಪಿಡಿ. ಇದು ಬೀಡಿ, ಸಿಗರೇಟ್ ಸೇದೋರಿಗೆ ಮಾತ್ರ ಬರೋದಲ್ಲ. ವರ್ಷಾನುಗಟ್ಟಲೆ ಸೌದೆ ಒಲೆ ಮುಂದೆ ಕೂತ ನಮ್ಮ ಅಜ್ಜಿ, ಅತ್ತೆಯಂದಿರಿಗೂ ಬರುತ್ತೆ. ಇಲ್ಲಿ ಶ್ವಾಸಕೋಶಕ್ಕಾದ ಹಾನಿ ಪೂರ್ತಿ ವಾಪಸ್ ಬರಲ್ಲ, ಒಂದೊಂದು ಸಲ ಕೆರಳಿದಾಗಲೂ ಇರೋ ಶಕ್ತಿ ಇನ್ನಷ್ಟು ಕರಗಬಹುದು. ಕ್ಯಾನಿಸ್ಟರ್ ಲೆಕ್ಕ ಅಸ್ತಮಾದ್ದು. ಇವರಲ್ಲಿ ನೋಡಬೇಕಾದ್ದು ಮೂರು: ದಮ್ಮು ಜಾಸ್ತಿ ಆಗಿದ್ಯಾ, ಕಫ ಹೆಚ್ಚಾಗಿದ್ಯಾ, ಬಣ್ಣ ಹಳದಿ ಅಥವಾ ಹಸಿರಿಗೆ ತಿರುಗಿದ್ಯಾ? "ವಯಸ್ಸಾಯ್ತಲ್ಲ" ಅಂತ ಬಿಡಬೇಡಿ. ಮನೇಲಿ ಆಕ್ಸಿಜನ್ ಇದ್ರೆ ನೀವಾಗೇ ಜಾಸ್ತಿ ಮಾಡಬೇಡಿ. ಸಿಒಪಿಡಿ ಕೆರಳಿದಾಗ ಆಕ್ಸಿಜನ್ ಕೊಟ್ಟು ಡಾಕ್ಟರ್‌ಗಳು ಸಾಮಾನ್ಯವಾಗಿ ಇಟ್ಟುಕೊಳ್ಳೋ ಗುರಿ 88ರಿಂದ 92, ನೂರಲ್ಲ.

ಯಾವಾಗ ಕಾಯಲೇಬಾರದು? ಒಂದು ವಾಕ್ಯ ಪೂರ್ತಿ ಹೇಳೋಕಾಗ್ತಿಲ್ಲ, ತುಟಿ ನೀಲಿಯಾಗಿದೆ, ಉಸಿರಿನ ಜೊತೆ ಕತ್ತಿನ ಸ್ನಾಯು ಎಳೀತಿದೆ, ಮಂಪರು ಬರ್ತಿದೆ, ಅಥವಾ ಪಫ್ ತಗೊಂಡ್ರೂ ಆರಾಮ ಸಿಗ್ತಿಲ್ಲ. ಇವುಗಳಲ್ಲಿ ಒಂದಿದ್ರೂ 108ಕ್ಕೆ ಫೋನ್ ಮಾಡಿ. ಗಾಡಿ ಬರೋವರೆಗೆ ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಡಾಕ್ಟರ್ ಹೇಳಿಕೊಟ್ಟ ಹಾಗೆ ಇನ್ಹೇಲರ್ ಕೊಡ್ತಾ ಇರಿ, ಸ್ಪೇಸರ್ ಇದ್ರೆ ಅದರಲ್ಲೇ ಕೊಡಿ. ಗುರ್‌ಗುರ್ ಸದ್ದು ನಿಂತೂ ಉಸಿರಾಟ ಕಷ್ಟ ಆಗ್ತಿದ್ರೆ ಅದು ಗುಣ ಅಲ್ಲ, ಗಾಳಿಯೇ ಆಡ್ತಿಲ್ಲ ಅಂತ ಅರ್ಥ.

ಇವತ್ತು ಎರಡು ಕೆಲಸ ಮಾಡಿ. ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ನೀಲಿ ಇನ್ಹೇಲರ್ ಕೊಂಡಿದ್ದೀರಿ ಅಂತ ಎಣಿಸಿ. ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ಆ ಸಂಖ್ಯೆ ಹೇಳಿ, ಜಾಸ್ತಿ ಆದ್ರೆ ಏನು ಮಾಡಬೇಕು ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅದರ ಫೋಟೋ ನಿಮ್ಮ ಫೋನ್‌ನಲ್ಲೂ ಇರಲಿ, ಮನೆಯವರ ಫೋನ್‌ನಲ್ಲೂ ಇರಲಿ. ಸಂಖ್ಯೆ ಮೂರಾಗಿದ್ರೆ ಮುಂದಿನ ಸಲಕ್ಕೆ ಕಾಯಬೇಡಿ, ಈ ವಾರವೇ ಹೋಗಿ. ಮತ್ತೆ ಸಿಗೋಣ.