ಪಾಯ ತೋಡಿದಾಗ ಸಿಕ್ಕ ಬೀದಿ

ಮನೆಗೆ ಪಾಯ ತೆಗೆಯುವಾಗ ಮಡಕೆ ಚೂರು, ಮೂಳೆ, ಹಳೇ ಇಟ್ಟಿಗೆ ಸಿಗುವುದನ್ನು ನೀವೂ ನೋಡಿರಬಹುದು. "ಥೂ, ಕಸ" ಅಂತ ಆಚೆ ಎಸೆಯುತ್ತೇವೆ. ನಿಧಿ ಅಂದ್ರೆ ಚಿನ್ನದ ಕೊಪ್ಪರಿಗೆ ಅಂತಲೇ ನಮ್ಮ ಎಣಿಕೆ. ಆದರೆ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಇಂಥ ಕಸದಿಂದಲೇ ಸಾವಿರ ವರ್ಷದ ಹಿಂದಿನ ಒಂದು ಬೀದಿಯ ಕಥೆ ಹೊರಗೆ ಬಂತು.

ಅಲ್ಲಿ ಯಾರಿದ್ದರು?

ಯಾರ್ಕಿನಲ್ಲಿ ಮೊದಲು ಕೋಟೆ ಕಟ್ಟಿದವರು ರೋಮನ್ನರು. ಅದು ಕ್ರಿ.ಶ. 71ರಲ್ಲಿ. ಅವರ ನಂತರ ಆಂಗ್ಲರು ಬಂದರು. 866ರಲ್ಲಿ ವೈಕಿಂಗರು ಊರನ್ನು ಗೆದ್ದು, ಅದನ್ನು ಯೋರ್ವಿಕ್ ಎಂದು ಕರೆದರು. ವೈಕಿಂಗರು ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದವರು. ಆಗ ನಮ್ಮ ನಾಡಿನಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಅಂದ್ರೆ ಆ ಕಾಲ ಯಾವುದೆಂದು ಸುಲಭವಾಗಿ ತಿಳಿಯುತ್ತದೆ.

ಕೆಲಸ ನಿಂತಿತು, ಅಗೆತ ನಡೆಯಿತು

ಯಾರ್ಕಿನ ಕಾಪರ್‌ಗೇಟ್ ಎಂಬ ಬೀದಿಯಲ್ಲಿ ಒಂದು ಹಳೇ ಮಿಠಾಯಿ ಕಾರ್ಖಾನೆ ಇತ್ತು. ಅದನ್ನು ಕೆಡವಿ ಅಂಗಡಿ ಸಾಲು ಕಟ್ಟುವುದೆಂದು ಆಯಿತು. ಕಟ್ಟುವ ಮೊದಲು ನೆಲ ಪರೀಕ್ಷೆ ಮಾಡಲು ಪುರಾತತ್ವ ತಜ್ಞರಿಗೆ ಅವಕಾಶ ಸಿಕ್ಕಿತು. ರಿಚರ್ಡ್ ಹಾಲ್ ಎಂಬುವರ ಮುಂದಾಳತ್ವದಲ್ಲಿ 1976ರಿಂದ 1981ರವರೆಗೆ, ಅಂದ್ರೆ ಐದು ವರ್ಷ, ಅಗೆದರು.

ಕೆಳಗೆ ಸಾಲು ಸಾಲು ಮನೆಗಳು! ಹೆಣೆದ ತಡಿಕೆಯ ಗೋಡೆಗಳು, ಚರ್ಮದ ಜೋಡು, ಕೊಂಬಿನ ಬಾಚಣಿಗೆ, ಉಣ್ಣೆಯ ಕಾಲುಚೀಲ, ರೇಷ್ಮೆ ಟೋಪಿ ಎಲ್ಲ ಸಿಕ್ಕವು. ಒಟ್ಟು 40,000ಕ್ಕೂ ಹೆಚ್ಚು ವಸ್ತುಗಳು.

ಬಟ್ಟೆ, ಮರ ಮಣ್ಣಲ್ಲಿ ಕೊಳೆತು ಹೋಗಬೇಕಲ್ಲ ಅಂತ ಕೇಳಬಹುದು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಅಲ್ಲಿಯ ಮಣ್ಣು ಯಾವಾಗಲೂ ಒದ್ದೆ, ಒಳಕ್ಕೆ ಗಾಳಿ ಹೋಗದು. ಹಾಗಾಗಿ ಉಳಿದವು.

ಕಸ ಹೇಳಿದ ಕಥೆ

ಕಾಪರ್ ಅಂದ್ರೆ ತಾಮ್ರ, ಗೇಟ್ ಅಂದ್ರೆ ಬಾಗಿಲು ಅಂತ ತಿಳಿಯಬೇಡಿ. ವೈಕಿಂಗರ ಮಾತಿನಲ್ಲಿ ಅದು ಬಟ್ಟಲು ಮಾಡುವವರ ಬೀದಿ. ಅಗೆದಾಗ ಮರದ ಬಟ್ಟಲು ಕಡೆದು ಮಿಕ್ಕ ತುಂಡುಗಳು ಅಲ್ಲೇ ಸಿಕ್ಕವು. ಹೆಸರು ಹೇಳಿದ್ದು ನಿಜವೆಂದು ಕಸ ಸಾಕ್ಷಿ ಕೊಟ್ಟಿತು.

ಪಾಯಖಾನೆ ಗುಂಡಿಗಳ ಮಣ್ಣನ್ನೂ ಬಿಡಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜಂತುಹುಳುವಿನ ಮೊಟ್ಟೆಗಳು ಕಂಡವು. ಕತ್ತಿ ಹಿಡಿದ ಆ ಶೂರರಿಗೂ ಹೊಟ್ಟೆಯಲ್ಲಿ ಹುಳ! ಈ ಮಾತನ್ನು ಯಾವ ರಾಜನ ಚಿನ್ನವೂ ಹೇಳುವುದಿಲ್ಲ.

ಯಂತ್ರ ನಿಲ್ಲಿಸಿದ ಕೆಲಸಗಾರ

ಅಗೆತ ಮುಗಿದು ಕಟ್ಟಡದ ಕೆಲಸ ನಡೆಯುತ್ತಿತ್ತು. 1982ರ ಮೇ 12ರಂದು ಮಣ್ಣು ತೆಗೆಯುವ ಯಂತ್ರದ ಬಾಯಿ ಏನಕ್ಕೋ ತಗುಲಿತು. ನಡೆಸುತ್ತಿದ್ದಾತ ಕಲ್ಲೆಂದು ಸುಮ್ಮನಾಗದೆ ಇಳಿದು ನೋಡಿದ. ಅದು ಕಬ್ಬಿಣ, ಹಿತ್ತಾಳೆಯ ಶಿರಸ್ತ್ರಾಣ! ವೈಕಿಂಗರಿಗಿಂತಲೂ ಹಳೆಯದು, 8ನೇ ಶತಮಾನದ ಆಂಗ್ಲರದು. ಅದರ ಹಿತ್ತಾಳೆ ಪಟ್ಟಿಯ ಮೇಲೆ ಓಸ್ಹೆರೆ ಎಂಬ ಹೆಸರಿದೆ. ಆ ಕಾಲದ ಇಂಥ ಶಿರಸ್ತ್ರಾಣ ಇಂಗ್ಲೆಂಡಿನಲ್ಲಿ ಸಿಕ್ಕಿರುವುದು ಬೆರಳೆಣಿಕೆಯಷ್ಟು. ಆತ ಇನ್ನೊಂದು ಸಲ ಯಂತ್ರ ಇಳಿಸಿದ್ದರೆ ಅದು ಪುಡಿಪುಡಿ. ಈಗ ಅದು ಯಾರ್ಕ್‌ಷೈರ್ ಮ್ಯೂಸಿಯಂನಲ್ಲಿದೆ.

ಅಂಗಡಿ ಸಾಲೂ ನಿಲ್ಲಲಿಲ್ಲ. ಅದು ಎದ್ದಿತು. ಅದರ ಕೆಳಗೆ, ಅಗೆದ ಜಾಗದಲ್ಲೇ, 1984ರಲ್ಲಿ ವಸ್ತುಸಂಗ್ರಹಾಲಯವೂ ತೆರೆಯಿತು. ಹೊಸದೂ ಆಯಿತು, ಹಳೆಯದೂ ಉಳಿಯಿತು.

ನಾವೇನು ಮಾಡಬೇಕು?

ವಸ್ತು ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದರಿಂದಲೇ ಅದರ ಕಾಲ, ಉಪಯೋಗ ತಿಳಿಯುವುದು. ಕಿತ್ತು ಮನೆಗೆ ಒಯ್ದರೆ ವಸ್ತು ಉಳಿದರೂ ಕಥೆ ಸಾಯುತ್ತದೆ. ಆದ್ದರಿಂದ ನಮ್ಮೂರಲ್ಲಿ ಪಾಯ, ಬಾವಿ, ರಸ್ತೆ ಅಗೆಯುವಾಗ ಅಕ್ಷರವಿರುವ ಕಲ್ಲು, ಹಳೇ ನಾಣ್ಯ, ವಿಗ್ರಹ ಕಂಡರೆ:

1. ಕೆಲಸ ಸ್ವಲ್ಪ ನಿಲ್ಲಿಸಲು ದೊಡ್ಡವರಿಗೆ ಹೇಳಿ.
2. ಉಜ್ಜಿ ತೊಳೆಯಬೇಡಿ, ಜಾಗ ಬದಲಿಸಬೇಡಿ.
3. ಮೇಷ್ಟ್ರಿಗೆ, ಪಂಚಾಯ್ತಿಗೆ ತಿಳಿಸಿ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನೇ ಇದೆ.

ಸನಿಕೆ ಹಿಡಿದ ಕೈಯೇ ಇತಿಹಾಸವನ್ನು ಮೊದಲು ಮುಟ್ಟುವುದು. ಆ ಕೈ ಒಂದು ಗಳಿಗೆ ನಿಂತರೆ ಸಾಕು.